ಇನ್‌ಟೇಕ್ ಮ್ಯಾನಿಫೋಲ್ಡ್ ಬೋಲ್ಟ್: ಯಾವ ತೂತಿಗೆ ಯಾವುದು?

ಇಂಜಿನ್ ಪೂರ್ತಿ ಬಿಚ್ಚಿ ಕಟ್ಟೋವಾಗ ಪಿಸ್ಟನ್ನು, ಬೇರಿಂಗು, ಟೈಮಿಂಗು ಅಂತ ಎಲ್ರೂ ಮೈಯೆಲ್ಲಾ ಕಣ್ಣಾಗಿ ಕೆಲಸ ಮಾಡ್ತಾರೆ, ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ ಒಳಗೆ ಗಾಳಿ ಹಂಚೋ ಕೊಳವೆಗಳ ಭಾಗ) ಹತ್ರ ಬರೋ ಹೊತ್ತಿಗೆ ಮಾತ್ರ ಇನ್ನೇನು ಮುಗೀತು ಅನ್ನೋ ಖುಷೀಲಿ ಕೈಗೆ ಸಿಕ್ಕ ಬೋಲ್ಟನ್ನ ಕಂಡ ತೂತಿಗೆ ಹಾಕಿ ತಿರುಗಿಸಿಬಿಡ್ತಾರೆ. ಆಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಓಡೋ ವೇಗ) ಒಂದೇ ಸಮ ನಿಲ್ತಿಲ್ಲ, ಏರ್ತಾ ಇಳೀತಾ ಇದೆ ಅಂತ ಸೆನ್ಸರ್ ಮೇಲೋ ಕಾರ್ಬುರೇಟರ್ ಮೇಲೋ ಅನುಮಾನ. ನನ್ನ ಪ್ರಕಾರ ಇಲ್ಲಿ ಎಡವಟ್ಟಾಗೋದು ಟೈಟ್ ಮಾಡೋದ್ರಲ್ಲಿ ಕಮ್ಮಿ, ಬೋಲ್ಟ್‌ಗಳ ಜಾಗ ಅದಲುಬದಲು ಆಗೋದ್ರಲ್ಲೇ ಜಾಸ್ತಿ.

ಯಾಕಂದ್ರೆ ಅವೆಲ್ಲ ನೋಡೋಕೆ ಒಂದೇ ಥರ ಇದ್ರೂ ಉದ್ದ ಬೇರೆ ಬೇರೆ ಇರತ್ತೆ. ಒಂದ್ಕಡೆ ಮ್ಯಾನಿಫೋಲ್ಡ್ ದಪ್ಪ, ಇನ್ನೊಂದ್ಕಡೆ ತೆಳು, ಮತ್ತೊಂದ್ಕಡೆ ಕೇಬಲ್ ಬ್ರಾಕೆಟ್ಟೋ ಅರ್ಥ್ ವೈರೋ ಅದೇ ಬೋಲ್ಟ್ ಕೆಳಗೆ ಕೂರತ್ತೆ. ಕೆಲವಕ್ಕೆ ತಲೆ ಮೇಲೂ ಥ್ರೆಡ್ ಇರತ್ತೆ, ಅದರ ಮೇಲೆ ಇನ್ನೊಂದು ನಟ್ ಬರ್ಬೇಕು.

ಹಾಗಾಗಿ ಕೆಲಸ ಶುರುವಾಗೋದು ಬಿಚ್ಚೋವಾಗ್ಲೇ. ಒಂದು ರಟ್ಟಿನ ತುಂಡು ತಗೊಂಡು ಮ್ಯಾನಿಫೋಲ್ಡ್ ಆಕಾರ ಒರಟಾಗಿ ಬರೀರಿ, ಮುಂದೆ ಯಾವ ಕಡೆ ಅಂತ ಬಾಣ ಹಾಕಿ, ಬೋಲ್ಟ್ ಇರೋ ಕಡೆಯಲ್ಲೆಲ್ಲಾ ತೂತು ಮಾಡಿ. ಬಿಚ್ಚಿದ ಬೋಲ್ಟನ್ನ ವಾಷರ್ ಸಮೇತ ಅದೇ ತೂತಿಗೆ ಚುಚ್ಚಿ. ಬಿಚ್ಚೋ ಮುಂಚೆ ಮೊಬೈಲಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೀರಿ, ಬ್ರಾಕೆಟ್‌ಗಳು ಕಾಣೋ ಹಾಗೆ.

ಬೇರೆ ಯಾರೋ ಬಿಚ್ಚಿ ಎಲ್ಲಾನೂ ಒಂದೇ ಡಬ್ಬಕ್ಕೆ ಸುರಿದಿದ್ರೆ? ಆಗ ಅಳತೇನೇ ಗತಿ. ವರ್ನಿಯರ್ ಕ್ಯಾಲಿಪರ್ ಹಿಂಭಾಗದ ಕಡ್ಡಿಯಿಂದ ಹೆಡ್ಡಲ್ಲಿರೋ (ಮ್ಯಾನಿಫೋಲ್ಡ್ ಕೂರೋ ಸಿಲಿಂಡರ್ ಹೆಡ್) ತೂತಿನ ಆಳ ನೋಡಿ, ಮ್ಯಾನಿಫೋಲ್ಡ್ ಕಿವಿಯ (ಬೋಲ್ಟ್ ಹಾಯೋ ಚಾಚು) ದಪ್ಪ ನೋಡಿ, ಅದಕ್ಕೆ ಗ್ಯಾಸ್ಕೆಟ್ (ಎರಡರ ನಡುವೆ ಸೋರದ ಹಾಗೆ ಇಡೋ ಹಾಳೆ), ವಾಷರ್, ಬ್ರಾಕೆಟ್ ಎಲ್ಲ ಕೂಡಿಸಿ. ಬೋಲ್ಟ್ ಉದ್ದದಲ್ಲಿ ಇದನ್ನ ಕಳೆದ್ರೆ ಒಳಗೆ ಎಷ್ಟು ಹೋಗತ್ತೆ ಅಂತ ಸಿಗತ್ತೆ. ಉದಾಹರಣೆಗೆ ಎಂ8 (ಅಂದ್ರೆ 8 ಮಿ.ಮೀ. ದಪ್ಪದ) ಬೋಲ್ಟು, ಕಿವಿ 22 ಮಿ.ಮೀ., ಗ್ಯಾಸ್ಕೆಟ್ 1, ವಾಷರ್ 1.5, ಒಟ್ಟು 24.5 ಅನ್ಕೊಳ್ಳಿ, ತೂತಿನ ಆಳ 20. 40 ಮಿ.ಮೀ. ಬೋಲ್ಟ್ ಹಾಕಿದ್ರೆ 15.5 ಒಳಗೆ ಹೋಗತ್ತೆ, ಸರಿಯಾಗಿದೆ. 45ರದ್ದು ಹಾಕಿದ್ರೆ 20.5 ಹೋಗ್ಬೇಕು, ಜಾಗ ಇಲ್ಲ, ತುದಿ ತಳಕ್ಕೆ ತಾಗಿ ನಿಂತುಬಿಡತ್ತೆ. 35ರದ್ದಾದ್ರೆ ಬರೀ 10.5, ಅಲ್ಯೂಮಿನಿಯಂ ಹೆಡ್ಡಿಗೆ ಸಾಲಲ್ಲ, ಯಾಕಂದ್ರೆ ಅಲ್ಯೂಮಿನಿಯಂನಲ್ಲಿ ಬೋಲ್ಟ್ ದಪ್ಪದ ಒಂದೂವರೆ ಪಟ್ಟಾದ್ರೂ ಥ್ರೆಡ್ ಹಿಡಿದಿರ್ಬೇಕು, ಅಂದ್ರೆ ಎಂ8ಗೆ 12 ಮಿ.ಮೀ. ಬೀಡು ಕಬ್ಬಿಣದ ಹೆಡ್ಡಾದ್ರೆ ಸ್ವಲ್ಪ ಕಮ್ಮಿ ಇದ್ರೂ ನಡಿಯತ್ತೆ. ಇನ್ನೊಂದು ಮಾತು, ತೂತಿನ ತಳದ ತನಕ ಥ್ರೆಡ್ ಇರಲ್ಲ, ಕೊನೇ ಒಂದೆರಡು ಮಿ.ಮೀ. ಲೆಕ್ಕಕ್ಕೆ ಹಿಡೀಬೇಡಿ.

ಈ ಉದ್ದ ಬೋಲ್ಟೇ ನಿಜವಾದ ಮೋಸಗಾರ. ತಳಕ್ಕೆ ತಾಗಿದ ತಕ್ಷಣ ಬಿಗಿ ಏರತ್ತೆ, ಟಾರ್ಕ್ ರೆಂಚ್ (ಗೊತ್ತು ಮಾಡಿದ ಬಿಗಿ ಬಂದಾಗ ಸದ್ದು ಮಾಡೋ ಪಾನಾ) ಟಕ್ ಅನ್ನತ್ತೆ, ನೀವು ಆಯ್ತು ಅಂತ ಮುಂದಿನದಕ್ಕೆ ಹೋಗ್ತೀರಿ, ಅಲ್ಲಿ ನೋಡಿದ್ರೆ ಮ್ಯಾನಿಫೋಲ್ಡ್ ಮೇಲೆ ಒತ್ತಡಾನೇ ಬಿದ್ದಿರಲ್ಲ. ರೆಂಚಿಗೆ ಗೊತ್ತಾಗೋದು ತಿರುಗಿಸೋ ಬಲ ಅಷ್ಟೇ, ಗ್ಯಾಸ್ಕೆಟ್ ಒತ್ತಿದ್ಯೋ ಇಲ್ವೋ ಅದಕ್ಕೆ ಗೊತ್ತಿಲ್ಲ.

ಇನ್ನು ತೂತು ಕ್ಲೀನ್ ಮಾಡೋದು. ತಳ ಮುಚ್ಚಿರೋ ತೂತಲ್ಲಿ ಎಣ್ಣೆನೋ ಕೂಲಂಟೋ ನಿಂತಿದ್ರೆ ಬೋಲ್ಟ್ ಒಳಗೆ ಹೋಗ್ತಾ ಆ ದ್ರವಾನ ಒತ್ತತ್ತೆ, ಅದು ಕುಗ್ಗಲ್ಲ, ಹೆಡ್ಡೇ ಸೀಳಬಹುದು. ಬ್ರೇಕ್ ಕ್ಲೀನರ್ ಹೊಡೆದು ಗಾಳಿ ಊದಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಊದಿ. ಥ್ರೆಡ್ ಸರಿ ಮಾಡೋಕೆ ಥ್ರೆಡ್ ಚೇಸರ್ (ಇರೋ ಥ್ರೆಡ್ಡನ್ನೇ ಶುಚಿ ಮಾಡೋ ಸಾಧನ) ಬಳಸಿ, ಮಾಮೂಲಿ ಟ್ಯಾಪ್ ಲೋಹಾನೇ ಕೆತ್ತಿ ತೆಗೆಯತ್ತೆ. ಥ್ರೆಡ್ ಪೂರ್ತಿ ಹೋಗಿದ್ರೆ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡೋ ತಂತಿ ಸುರುಳಿ) ಹಾಕ್ಸಿ, ದಪ್ಪ ಬೋಲ್ಟ್ ತುರುಕೋ ಜುಗಾಡು ಬೇಡ.

ಎಲ್ಲ ತೂತಿಗೂ ತಳ ಇರಲ್ಲ ಅನ್ನೋದೂ ನೆನಪಿರ್ಲಿ. ವಿ ಆಕಾರದ ಕೆಲವು ಇಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಬೋಲ್ಟ್ ತೂತು ಸೀದಾ ಲಿಫ್ಟರ್ (ವಾಲ್ವ್ ಎತ್ತೋ ಭಾಗ) ಇರೋ ಜಾಗಕ್ಕೆ ಅಥವಾ ನೀರಿನ ದಾರಿಗೆ ತೆರ್ಕೊಂಡಿರತ್ತೆ. ಸಣ್ಣ ತಂತಿ ಹಾಕಿ ನೋಡಿ, ತಳ ಸಿಗ್ಲಿಲ್ಲ ಅಂದ್ರೆ ಅದು ಆ ಜಾತೀದು, ಅದರ ಥ್ರೆಡ್ಡಿಗೆ ಸೀಲಂಟ್ ಹಚ್ಚಲೇಬೇಕು, ಇಲ್ದಿದ್ರೆ ಎಣ್ಣೆನೋ ಕೂಲಂಟೋ ಥ್ರೆಡ್ ಹಿಡ್ಕೊಂಡು ಮೇಲೆ ಬರತ್ತೆ. ಮಿಕ್ಕವಕ್ಕೆ ಮ್ಯಾನ್ಯುಯಲ್ ಹೇಳದೇ ಏನೂ ಹಚ್ಬೇಡಿ, ಎಣ್ಣೆ ಹಚ್ಚಿದ ಥ್ರೆಡ್ಡಲ್ಲಿ ಅದೇ ಟಾರ್ಕಿಗೆ ಎಳೆತ ಜಾಸ್ತಿ ಬೀಳತ್ತೆ.

ಹಳೇ ಗ್ಯಾಸ್ಕೆಟ್ ತೆಗೆಯೋವಾಗ ಹೆಡ್ಡಿನ ಗಾಳಿ ದಾರಿಗಳಾದ ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ತಿರುಗೋ ಉಜ್ಜು ಡಿಸ್ಕ್ ಬೇಡವೇ ಬೇಡ, ಅದರ ಪುಡಿ ಎಣ್ಣೆಗೆ ಸೇರಿದ್ರೆ ಹೊಸ ಬೇರಿಂಗ್ ಕಥೆ ಮುಗೀತು. ಕೊನೇಲಿ ಬಟ್ಟೆ ತೆಗೆಯೋದು ಮರೀಬೇಡಿ.

ಈಗ ಕೂರಿಸೋದು. ಹೊಸ ಗ್ಯಾಸ್ಕೆಟ್ ಇಟ್ಟು ಮ್ಯಾನಿಫೋಲ್ಡ್ ನೇರವಾಗಿ ಇಳಿಸಿ, ಎಲ್ಲಾ ಬೋಲ್ಟನ್ನೂ ಬೆರಳಲ್ಲೇ ಮೂರ್ನಾಲ್ಕು ಸುತ್ತು ಹಾಕಿ, ಎಲ್ಲಾನೂ ಹಿಡಿಯೋ ತನಕ ಯಾವುದನ್ನೂ ಟೈಟ್ ಮಾಡ್ಬೇಡಿ, ಒಂದು ಟೈಟ್ ಆಯ್ತು ಅಂದ್ರೆ ಉಳಿದ ತೂತುಗಳು ಸರಿದು, ಬೋಲ್ಟ್ ವಾರೆಯಾಗಿ ಹೋಗಿ ಅಡ್ಡ ಥ್ರೆಡ್ ಬೀಳತ್ತೆ. ಬೆರಳಿಗೆ ಬಿಗಿ ಅನ್ನಿಸಿದ್ರೆ ಹೊರಗೆ ತೆಗೆದು ನೋಡಿ, ರ್‍ಯಾಚೆಟ್ ಹಾಕಿ ಒತ್ತಾಯ ಮಾಡ್ಬೇಡಿ. ಆಮೇಲೆ ಮಧ್ಯದಿಂದ ಶುರು ಮಾಡಿ ಹೊರಗಡೆಗೆ, ಅಡ್ಡಡ್ಡ ದಾಟ್ಕೊಂಡು, ಮೂರು ಹಂತದಲ್ಲಿ ಬಿಗಿ ಮಾಡಿ. ಮ್ಯಾನ್ಯುಯಲ್‌ನಲ್ಲಿ ಅನುಕ್ರಮ ಕೊಟ್ಟಿದ್ರೆ ಅದೇ ಕೊನೇ ಮಾತು. ಟಾರ್ಕ್ ಸಂಖ್ಯೆಯೂ ಅಷ್ಟೇ, ಸಾಮಾನ್ಯವಾಗಿ ಎಂ6ಗೆ 10 ನ್ಯೂಟನ್ ಮೀಟರ್ ಆಸುಪಾಸು, ಎಂ8ಗೆ 20ರಿಂದ 25, ಆದ್ರೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ಗೆ ಇನ್ನೂ ಕಮ್ಮಿ ಇರಬಹುದು. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ತೂತಿನ ಒಳಗೆ ಲೋಹದ ಕೊಳವೆ ಇರತ್ತೆ, ಅದು ಬಿದ್ದುಹೋಗಿಲ್ಲ ತಾನೇ ಅಂತ ನೋಡ್ಕೊಳ್ಳಿ, ಅದಿಲ್ದೇ ಬಿಗಿದ್ರೆ ಪ್ಲಾಸ್ಟಿಕ್ ಬಿರುಕು ಬಿಡತ್ತೆ. ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿಗೆ ಸೇರೋ ಸಪೋರ್ಟ್ ಬ್ರಾಕೆಟ್ ಇದ್ರೆ ಅದರ ಬೋಲ್ಟ್ ಕೊನೇಗೆ, ಮೊದ್ಲೇ ಬಿಗಿದ್ರೆ ಅದು ಮ್ಯಾನಿಫೋಲ್ಡನ್ನ ಕೆಳಗೆ ಎಳೆದು ಹಿಡ್ಕೊಂಡಿರತ್ತೆ.

ಎಲ್ಲ ಮುಗಿದ ಮೇಲೆ ಒಂದು ಬೋಲ್ಟ್ ಉಳೀತು ಅಥವಾ ಕಮ್ಮಿ ಬಿತ್ತು ಅಂದ್ರೆ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ. ಉಳಿದಿದ್ರೆ ಎಲ್ಲೋ ತೂತು ಖಾಲಿ ಇದೆ, ಕಮ್ಮಿ ಆಗಿದ್ರೆ ಪೋರ್ಟ್ ಒಳಗೆ ಬಿದ್ದಿರಬಹುದು, ಮ್ಯಾಗ್ನೆಟ್ ಕಡ್ಡಿ ಹಾಕಿ ಹುಡುಕಿ.

ಸ್ಟಾರ್ಟ್ ಆದ್ಮೇಲೆ ಸ್‌ಸ್ ಅನ್ನೋ ಸದ್ದಿದ್ಯಾ ಕೇಳಿ. ಜೋಡಣೆ ಸುತ್ತ ನೀರನ್ನ ಸಣ್ಣಗೆ ಸ್ಪ್ರೇ ಮಾಡಿದಾಗ ಐಡ್ಲಿಂಗ್ ಬದಲಾದ್ರೆ ಅಲ್ಲೇ ಗಾಳಿ ಸೋರ್ತಿದೆ. ಕಾರ್ಬ್ ಕ್ಲೀನರ್ ಹೊಡೆಯೋರೂ ಇದಾರೆ, ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರೋದ್ರಿಂದ ನನಗಂತೂ ಅದು ಇಷ್ಟ ಇಲ್ಲ. ವಿ ಇಂಜಿನ್ನಲ್ಲಿ ಕೆಳಗಿನ ಅಂಚಲ್ಲಿ ಸೋರಿದ್ರೆ ಹೊರಗಿಂದ ಗೊತ್ತೇ ಆಗಲ್ಲ, ಒಳಗಿನ ಎಣ್ಣೆ ಎಳ್ಕೊಂಡು ನೀಲಿ ಹೊಗೆ ಬರತ್ತೆ. ಕಾಗದದಂಥ ಗ್ಯಾಸ್ಕೆಟ್ ಆಗಿದ್ದು ಮ್ಯಾನ್ಯುಯಲ್ ಹೇಳಿದ್ರೆ, ಇಂಜಿನ್ ಒಂದ್ಸಲ ಕಾದು ಪೂರ್ತಿ ತಣ್ಣಗಾದ್ಮೇಲೆ ಅದೇ ಅನುಕ್ರಮದಲ್ಲಿ ಮತ್ತೊಮ್ಮೆ ಟಾರ್ಕ್ ಚೆಕ್ ಮಾಡಿ, ಬಿಸಿ ಇರೋವಾಗ ಮುಟ್ಬೇಡಿ.