ಪಿಡಿಎಫ್ ಅಂಚು ತುಂಡಾಯಿತೇ? ಮೊದಲು ಸ್ಕೇಲು ಹಿಡಿಯಿರಿ

ಸಹಕಾರ ಸಂಘಗಳ ಮಹಾಸಭೆ ಹತ್ತಿರ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಡಿಟಿಪಿ ಅಂಗಡಿಗಳಿಗೆ ವಾರ್ಷಿಕ ವರದಿಯ ಪೆನ್‌ಡ್ರೈವ್‌ಗಳು ಬರತೊಡಗುತ್ತವೆ. ಪರದೆಯಲ್ಲಿ ನೆಟ್ಟಗಿದ್ದ ಜಮಾ-ಖರ್ಚಿನ ಪಟ್ಟಿ ಕಾಗದಕ್ಕಿಳಿದಾಗ ಬಲತುದಿಯ ಪೈಸೆ ಮಾಯ. ತಕ್ಷಣ ಮಾರ್ಜಿನ್ ತಿದ್ದಲು ಕೂರಬೇಡಿ. ತಪ್ಪು ಫೈಲಿನದೋ ಪ್ರಿಂಟರಿನದೋ ಎಂಬುದು ಮೊದಲು ಗೊತ್ತಾಗಬೇಕು.

ಮೂಲ ಫೈಲಿನ ಖಾಲಿ ಜಾಗದಲ್ಲಿ 100 ಮಿ.ಮೀ. ಉದ್ದದ ಗೆರೆ ಎಳೆದು ಪಿಡಿಎಫ್ ಮಾಡಿ, ಒಂದು ಪುಟ ಮಾತ್ರ ಮುದ್ರಿಸಿ ಅಳೆಯಿರಿ.

ಗೆರೆ 97ರ ಆಸುಪಾಸಿಗೆ ಇಳಿದಿದ್ದರೆ ಪುಟ ಕುಗ್ಗಿದೆ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ ನೋಡಿ. 210 × 297 ಮಿ.ಮೀ. ಇದ್ದರೆ ಎ4. 216 × 279 ಇದ್ದರೆ ಅದು ಅಮೆರಿಕದ ಲೆಟರ್ ಅಳತೆ. ನಮ್ಮ ಅಂಗಡಿಗಳಲ್ಲಿ ಆ ಕಾಗದ ಸಾಮಾನ್ಯವಾಗಿ ಸಿಗುವುದಿಲ್ಲ. ಮೂಲ ಫೈಲಿನಲ್ಲೇ ಎ4 ಆರಿಸಿ ಮತ್ತೆ ಪಿಡಿಎಫ್ ಮಾಡಬೇಕು. ಅಳತೆ ಎ4 ಆಗಿಯೂ ಕುಗ್ಗಿದ್ದರೆ, ಮುದ್ರಿಸುವಾಗ 'ಫಿಟ್' ಬಿಟ್ಟು 'ಆಕ್ಚುವಲ್ ಸೈಜ್' ಒತ್ತಿ.

ಗೆರೆ ಸರಿಯಾಗಿ 100 ಇದ್ದೂ ಅಂಚು ತುಂಡಾಗಿದೆಯೇ? ಪುಟದ ಅಳತೆಯೂ ಎ4 ಆಗಿದ್ದರೆ ಮಾರ್ಜಿನ್ ಸಾಲದು. ಸಾಮಾನ್ಯ ಆಫೀಸ್ ಪ್ರಿಂಟರುಗಳು ಕಾಗದದ ಅಂಚಿನ ನಾಲ್ಕಾರು ಮಿ.ಮೀ. ಜಾಗಕ್ಕೆ ಶಾಯಿ ತಾಗಿಸುವುದೇ ಇಲ್ಲ. ನಾಲ್ಕೂ ಕಡೆ 15 ಮಿ.ಮೀ. ಬಿಡಿ, ಪಿನ್ ಹೊಡೆಯುವ ಬದಿಗೆ ಇನ್ನೂ 10. ಎರಡೂ ಬದಿ ಮುದ್ರಣವಿದ್ದರೆ 'ಮಿರರ್ ಮಾರ್ಜಿನ್' ಆರಿಸದೆ ಗತಿಯಿಲ್ಲ. ಇಲ್ಲದಿದ್ದರೆ ಸಮಸಂಖ್ಯೆಯ ಪುಟಗಳಲ್ಲಿ ಅಕ್ಷರ ಪಿನ್ನಿನಡಿ ಸೇರಬಹುದು. ಪಟ್ಟಿಯೊಂದೇ ಹೊರಚಾಚಿದ್ದರೆ ವರ್ಡ್‌ನ 'ಆಟೋಫಿಟ್ ವಿಂಡೋ' ಸಾಕು.

ಇನ್ನು ಕನ್ನಡಕ್ಕೇ ಅಂಟಿಕೊಂಡ ತೊಂದರೆಗಳು. ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಸಾಲಿನ ಅಂತರ ನಮ್ಮ ಒತ್ತಕ್ಷರಕ್ಕೆ ಸಾಲದು. ಲೈನ್ ಸ್ಪೇಸಿಂಗ್ 'ಎಕ್ಸಾಕ್ಟ್‌ಲಿ 12 ಪಾಯಿಂಟ್' ಎಂದಿದ್ದು ಅಕ್ಷರವೂ 12 ಪಾಯಿಂಟ್ ಆಗಿದ್ದರೆ 'ಶಿವಮೊಗ್ಗ'ದ ಗ-ಒತ್ತು ಬುಡದಲ್ಲಿ ಕತ್ತರಿಸಿಹೋಗುತ್ತದೆ, 'ಸ್ತ್ರೀ' ಕೆಳಗಿನ ಸಾಲಿಗೆ ತಾಗುತ್ತದೆ. 'ಅಟ್ ಲೀಸ್ಟ್ 18 ಪಾಯಿಂಟ್' ಮಾಡಿ. ಪುಟದ ಸಂಖ್ಯೆ ಹೆಚ್ಚಾಗುತ್ತದೆ ಎಂದು ಕಾರ್ಯದರ್ಶಿಗಳು ಗೊಣಗಬಹುದು, ಗೊಣಗಲಿ. ಕಿರಿದಾದ ಕಾಲಂಗಳಲ್ಲಿ ಎರಡೂ ಬದಿ ಸಮ ಮಾಡುವ 'ಜಸ್ಟಿಫೈ' ಬೇಡ. 'ಸರ್ವಸದಸ್ಯರೆಲ್ಲರಿಗೂ' ತರಹದ ಉದ್ದ ಪದ ಕೆಳಸಾಲಿಗೆ ಜಿಗಿದರೆ ಮೇಲಿನ ಸಾಲು ಹಲ್ಲು ಬಿದ್ದ ಬಾಯಿಯಂತಾಗುತ್ತದೆ.

ಒಂದು ಕಂಪ್ಯೂಟರಿನಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ, 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟು ಪಿಡಿಎಫ್‌ನೊಳಗೆ ಸೇರಿಲ್ಲ ಎಂದರ್ಥ. ಪ್ರಾಪರ್ಟೀಸ್‌ನ ಫಾಂಟ್ಸ್ ವಿಭಾಗದಲ್ಲಿ ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಎಂದಿರಬೇಕು. ಇಲ್ಲದಿದ್ದರೆ ವರ್ಡ್‌ನಲ್ಲಿ ಸೇವ್ ಮಾಡುವಾಗ ಆಪ್ಷನ್ಸ್‌ಗೆ ಹೋಗಿ ಫಾಂಟುಗಳನ್ನು ಫೈಲಿನೊಳಗೇ ಸೇರಿಸುವ 'ಪಿಡಿಎಫ್/ಎ'ಗೆ ಗುರುತು ಹಾಕಿ. ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಫಾಂಟು ಬದಲಿಸಿ ಫಲವಿಲ್ಲದಿರಬಹುದು. ರಸೀದಿ ಮುದ್ರಿಸುವ ಕೆಲವು ತಂತ್ರಾಂಶಗಳಿಗೆ ಕನ್ನಡ ಅಕ್ಷರ ಜೋಡಿಸುವುದೇ ಬರುವುದಿಲ್ಲ. ಅಂಥ ಪುಟವನ್ನು ಬ್ರೌಸರಿನಲ್ಲಿ ತೆರೆಯಲು ಸಾಧ್ಯವಿದ್ದರೆ, ಅಲ್ಲಿಂದಲೇ 'ಸೇವ್ ಆ್ಯಸ್ ಪಿಡಿಎಫ್' ಕೊಡಿ.

ಇಷ್ಟಾಗಿಯೂ ಮುದ್ರಣ ಓರೆಯಾಗಿ ಬಂದರೆ ಫೈಲನ್ನು ಮುಟ್ಟಬೇಡಿ. ಮಲೆನಾಡಿನ ಮಳೆಯಲ್ಲಿ ತೆರೆದಿಟ್ಟ ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ರೋಲರಿಗೆ ಸೊಟ್ಟ ಸಿಗುತ್ತದೆ. ಹೊಸ ಕಟ್ಟು ಒಡೆದು ಟ್ರೇ ತುಂಬಿ, ಎರಡು ಬದಿಯ ತಡೆಗಳನ್ನು ಕಾಗದಕ್ಕೆ ತಾಗಿಸಿ ಇನ್ನೊಮ್ಮೆ ಮುದ್ರಿಸಿ.