ಸಣ್ಣ ಕಾಲೇಜಿನ ಫುಟ್‌ಬಾಲ್ ಸೀಸನ್ ಶುರುವಿಂದ ಕೊನೆವರೆಗೆ ನೋಡುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ಅಂದರೆ ಟಿವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಗಳು, ಲಕ್ಷ ಜನ ತುಂಬಿದ ಸ್ಟೇಡಿಯಂ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಆಟವನ್ನು ನಿಜವಾಗಿ ಕಲಿಯಬೇಕು, ಒಂದು ತಂಡವನ್ನು ನಮ್ಮದು ಅಂದುಕೊಳ್ಳಬೇಕು ಅಂದರೆ ಡಿವಿಷನ್ ಮೂರಕ್ಕೆ, ಅಂದರೆ ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಕೊನೆಯದಕ್ಕೆ ಬನ್ನಿ. ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಹುಡುಗರು ಓದಲು ಬಂದವರು, ಜೊತೆಗೆ ಆಡುತ್ತಾರೆ. ಲೀಗ್ ಹಂತದಲ್ಲಿ ಒಟ್ಟು 10 ಪಂದ್ಯ, ಸೆಪ್ಟೆಂಬರ್ ಮೊದಲ ವಾರದಿಂದ ನವೆಂಬರ್ ಮಧ್ಯದವರೆಗೆ. ಅಷ್ಟೇ. ಹಾಗಾಗಿ ಒಂದು ಶನಿವಾರ ಸೋತರೂ ಅದರ ನೋವು ಇಡೀ ಸೀಸನ್ ಇರುತ್ತದೆ.

ಮೊದಲ ಕೆಲಸ, ಒಂದೇ ತಂಡ ಆರಿಸಿಕೊಳ್ಳಿ. ಐದಾರು ತಂಡ ಹಿಡಿದುಕೊಂಡರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಹತ್ತಿರದಲ್ಲಿ ಕಾಲೇಜಿದ್ದರೆ ಅದೇ ಸಾಕು. ಇಲ್ಲವಾದರೆ ನನ್ನ ಸಲಹೆ, ಮಿನ್ನೆಸೋಟದ ಕಾಲೇಜ್‌ವಿಲ್‌ನಲ್ಲಿರುವ ಸೇಂಟ್ ಜಾನ್ಸ್. ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ, ಎರಡು ಸಾವಿರಕ್ಕಿಂತ ಕಡಿಮೆ ಹುಡುಗರು ಓದುವ ಕಾಲೇಜು, ಕೆಂಪು ಜರ್ಸಿ, ಸುತ್ತ ಮರಗಳಿರುವ ಕ್ಲೆಮೆನ್ಸ್ ಸ್ಟೇಡಿಯಂ. ಮಿನಿಯಾಪೊಲಿಸ್‌ನಲ್ಲಿರುವ ಕನ್ನಡಿಗರಿಗೆ ಕಾರಿನಲ್ಲಿ ಹೆಚ್ಚೂಕಮ್ಮಿ ಒಂದೂವರೆ ಗಂಟೆ ದಾರಿ.

ಆಮೇಲೆ ತಂಡದ ಹಿಂದಿನ ಕಥೆ ಸ್ವಲ್ಪ ಓದಿಕೊಳ್ಳಿ, ಏಕೆಂದರೆ ಅದು ಗೊತ್ತಿಲ್ಲದೆ ಪಂದ್ಯ ನೋಡಿದರೆ ಅರ್ಧ ರುಚಿ ಹೋಗುತ್ತದೆ. ಸೇಂಟ್ ಜಾನ್ಸ್‌ನಲ್ಲಿ ಜಾನ್ ಗ್ಯಾಲಿಯಾರ್ಡಿ 1953ರಿಂದ 2012ರವರೆಗೆ ಕೋಚ್ ಆಗಿದ್ದರು. ಅವರ ಒಟ್ಟು ಗೆಲುವು 489, ಕಾಲೇಜು ಫುಟ್‌ಬಾಲ್‌ನಲ್ಲಿ ಬೇರೆ ಯಾವ ಕೋಚ್‌ಗೂ ಇಷ್ಟು ಗೆಲುವಿಲ್ಲ. ಅಭ್ಯಾಸದಲ್ಲಿ ಯಾರೂ ಯಾರನ್ನೂ ಕೆಡವಬಾರದು, ಸೀಟಿ ಊದುವ ಹಾಗಿಲ್ಲ, ತನ್ನನ್ನು ‘ಕೋಚ್’ ಅನ್ನಬಾರದು, ಸುಮ್ನೆ ಜಾನ್ ಅಂದರೆ ಸಾಕು. ಹುಡುಗರ ಮೈಕೈ ಮುರಿಯದೆ, ಅವಮಾನ ಮಾಡದೆ ನಾಲ್ಕು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. ಕೋಚ್ ಅಂದರೆ ಬೈಯಲೇಬೇಕು ಅಂತ ನಂಬಿದವರೆಲ್ಲ ಇವರ ಬಗ್ಗೆ ಓದಬೇಕು.

ಆಗಸ್ಟ್‌ನಲ್ಲಿ ರೋಸ್ಟರ್, ಅಂದರೆ ಆಟಗಾರರ ಪಟ್ಟಿ ಬರುತ್ತದೆ. ನೂರಕ್ಕೂ ಹೆಚ್ಚು ಹೆಸರು ನೋಡಿ ಗಾಬರಿಯಾಗಬೇಡಿ. ಮೊದಲು ನಾಲ್ಕನೇ ವರ್ಷದವರನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಆಫೆನ್ಸಿವ್ ಲೈನ್‌ನ, ಅಂದರೆ ಚೆಂಡು ತಮ್ಮ ತಂಡದ ಕೈಯಲ್ಲಿದ್ದಾಗ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐದು ಜನರನ್ನು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೆಸರು ಹೇಗೂ ತಾನಾಗಿ ಬಾಯಿಗೆ ಬರುತ್ತದೆ, ಆ ಐದು ಜನರ ಹೆಸರು ಮಾತ್ರ ನಾವೇ ಹುಡುಕಬೇಕು. 2020ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಜಾಕ್ಸನ್‌ವಿಲ್ ತಂಡ ಹೊಸ ಆಟಗಾರರ ಆಯ್ಕೆಯ ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡ ಬೆನ್ ಬಾರ್ಚ್ ಇದೇ ಸೇಂಟ್ ಜಾನ್ಸ್‌ನ ಲೈನ್‌ನಲ್ಲಿ ಆಡಿದವನು.

ನಿಯಮ ಬೇಕಾದಷ್ಟೇ ಕಲಿತರೆ ಸಾಕು. ನಾಲ್ಕು ಪ್ರಯತ್ನದಲ್ಲಿ (ಒಂದೊಂದನ್ನೂ ಡೌನ್ ಅನ್ನುತ್ತಾರೆ) 10 ಯಾರ್ಡ್ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ; ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ 3. ಉಳಿದದ್ದು ನೋಡ್ತಾ ನೋಡ್ತಾ ಬರುತ್ತದೆ.

ಪಂದ್ಯ ನೋಡುವಾಗ ಒಂದು ಅಭ್ಯಾಸ ಬಿಡಬೇಕು. ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಇಲ್ಲಿ ಚೆಂಡು ಚಲಿಸಿದ ಮೊದಲ ಎರಡು ಸೆಕೆಂಡ್ ಲೈನ್‌ನಲ್ಲಿ ಯಾರು ಯಾರನ್ನು ಹಿಂದೆ ತಳ್ಳಿದರು ಅಂತ ನೋಡಿ, ಆಮೇಲೆ ಚೆಂಡು ಹುಡುಕಿ. ಎರಡು ಮೂರು ಪಂದ್ಯ ಹೀಗೆ ನೋಡಿದರೆ ಓಟ ಯಾಕೆ ನಿಂತಿತು, ಪಾಸ್ ಯಾಕೆ ಅವಸರದಲ್ಲಿ ಹೋಯಿತು ಅನ್ನುವುದೆಲ್ಲ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. ನಾಲ್ಕನೇ ಡೌನ್ ಬಂದಾಗ ಕೋಚ್ ಏನು ಮಾಡುತ್ತಾನೆ ಅನ್ನುವುದನ್ನೂ ಗಮನಿಸಿ. ದೂರದಿಂದ ಒದೆಯಬಲ್ಲ ಕಿಕ್ಕರ್ ಎಲ್ಲ ಸಣ್ಣ ಕಾಲೇಜಿಗೂ ಸಿಗುವುದಿಲ್ಲ. ಹಾಗಾಗಿ ಎದುರಾಳಿಯ 35 ಯಾರ್ಡ್ ಗೆರೆಯ ಹತ್ತಿರ ಬಂದಾಗ ಒದೆಯುವುದಾ, ಧೈರ್ಯ ಮಾಡಿ ಮುಂದೆ ಹೋಗುವುದಾ ಅನ್ನುವ ತೀರ್ಮಾನದಲ್ಲೇ ಎಷ್ಟೋ ಪಂದ್ಯ ಕೈಬದಲಾಗುತ್ತದೆ.

ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಸಮಯದ ಲೆಕ್ಕ: ಮಿನ್ನೆಸೋಟದಲ್ಲಿ ಶನಿವಾರ ಮಧ್ಯಾಹ್ನ 1 ಗಂಟೆ ಅಂದರೆ ಇಲ್ಲಿ ರಾತ್ರಿ 11.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ನಮಗೆ ರಾತ್ರಿ 12.30 ಆಗುತ್ತದೆ. ನಿದ್ದೆ ತಡೆಯಲು ಆಗದಿದ್ದರೆ ಭಾನುವಾರ ಬೆಳಿಗ್ಗೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ಓದಿ. ಒಟ್ಟು ಯಾರ್ಡ್‌ಗಿಂತ ಮೊದಲು ಟರ್ನ್‌ಓವರ್ (ಚೆಂಡು ಎದುರಾಳಿಯ ಕೈಸೇರಿದ್ದು) ಎಷ್ಟು, ಮೂರನೇ ಡೌನ್‌ನಲ್ಲಿ ಎಷ್ಟು ಸಲ ಬೇಕಾದ ಯಾರ್ಡ್ ಗಳಿಸಿದರು ಅಂತ ನೋಡಿ. ಸೋಲಿಗೆ ಕಾರಣ ಜಾಸ್ತಿ ಅಲ್ಲೇ ಇರುತ್ತದೆ.

ಪೈಪೋಟಿಯ ಪಂದ್ಯ ಯಾವುದು ಅಂತ ವೇಳಾಪಟ್ಟಿ ಬಂದ ದಿನವೇ ಗುರುತು ಹಾಕಿ, ಅದನ್ನು ಮಾತ್ರ ತಪ್ಪಿಸಬೇಡಿ. ಇಂಥ ಪಂದ್ಯ ಶಾಶ್ವತ ಅಲ್ಲ. ಸೇಂಟ್ ಜಾನ್ಸ್ ಮತ್ತು ಅದೇ ರಾಜ್ಯದ ಸೇಂಟ್ ಥಾಮಸ್ 2017ರಲ್ಲಿ ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಮೈದಾನ ಟಾರ್ಗೆಟ್ ಫೀಲ್ಡ್‌ನಲ್ಲಿ ಆಡಿದಾಗ 37,355 ಜನ ಬಂದಿದ್ದರು. ಡಿವಿಷನ್ ಮೂರರಲ್ಲಿ ಅದು ದಾಖಲೆ. ಎರಡೇ ವರ್ಷಕ್ಕೆ, ಸೇಂಟ್ ಥಾಮಸ್ ಇತರರಿಗಿಂತ ತೀರಾ ಬಲವಾಯಿತು ಅಂತ ಅವರಿಬ್ಬರೂ ಇದ್ದ ಒಕ್ಕೂಟವೇ (ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಗುಂಪು) ಅದನ್ನು ಹೊರಗೆ ಕಳಿಸುವ ತೀರ್ಮಾನ ಮಾಡಿತು. 2021ರಲ್ಲಿ ಸೇಂಟ್ ಥಾಮಸ್ ನೇರವಾಗಿ ಡಿವಿಷನ್ ಒಂದಕ್ಕೆ ಹೋಯಿತು. ನೂರು ವರ್ಷಕ್ಕೂ ಹಳೆಯ ಪೈಪೋಟಿ ವೇಳಾಪಟ್ಟಿಯಿಂದಲೇ ಮಾಯವಾಯಿತು. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ನವೆಂಬರ್ ಬಂದಾಗ ನಿಮ್ಮ ತಂಡದ ಜೊತೆ ಬೇರೆಯವರ ಫಲಿತಾಂಶವನ್ನೂ ನೋಡಲು ಶುರು ಮಾಡಿ. 2024ರಿಂದ ಪ್ಲೇಆಫ್‌ಗೆ 40 ತಂಡಗಳು ಹೋಗುತ್ತವೆ. ಒಕ್ಕೂಟದಲ್ಲಿ ಗೆದ್ದವರಿಗೆ ನೇರ ಪ್ರವೇಶ. ಉಳಿದ ಜಾಗಗಳನ್ನು ತುಂಬುವಾಗ ಎದುರಾಳಿಗಳ ಬಲವೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಸೆಪ್ಟೆಂಬರ್‌ನಲ್ಲಿ ನೀವು ಸೋಲಿಸಿದ ತಂಡ ಚೆನ್ನಾಗಿ ಆಡುತ್ತಿದ್ದರೆ ನಿಮಗೇ ಲಾಭ, ಅವರಿಗೂ ಚಪ್ಪಾಳೆ ಹೊಡೆಯಿರಿ. ಫೈನಲ್ ಹೆಸರು ಸ್ಟ್ಯಾಗ್ ಬೌಲ್, 1973ರಿಂದ ನಡೆಯುತ್ತಿದೆ. ಒಹಾಯೊದ ಮೌಂಟ್ ಯೂನಿಯನ್ ಅಲ್ಲಿ 13 ಸಲ ಗೆದ್ದಿದೆ. 2003ರಲ್ಲಿ ಅದೇ ತಂಡವನ್ನು ಸೇಂಟ್ ಜಾನ್ಸ್ 24–6ರಿಂದ ಸೋಲಿಸಿತು.

ಮೈದಾನಕ್ಕೇ ಹೋಗುವುದಾದರೆ ತವರಿನ ಕೊನೆಯ ಪಂದ್ಯಕ್ಕೆ ಬೇಗ ಹೋಗಿ. ಆವತ್ತು ಆಟಕ್ಕೆ ಮುಂಚೆ ನಾಲ್ಕನೇ ವರ್ಷದವರನ್ನು ಅಪ್ಪ ಅಮ್ಮನ ಜೊತೆ ಮೈದಾನಕ್ಕೆ ಕರೆಯುತ್ತಾರೆ. ಅವರಲ್ಲಿ ಬಹುತೇಕರು ಇನ್ನೆಂದೂ ಪ್ಯಾಡ್ ಹಾಕುವುದಿಲ್ಲ. ಮಿನ್ನೆಸೋಟದ ಚಳಿ ಆಗ ಮೂಳೆಗೆ ತಾಗುತ್ತದೆ, ಎರಡು ಜೊತೆ ಕಾಲುಚೀಲ, ಕೂರಲು ದಪ್ಪ ಕಂಬಳಿ ಇರಲಿ. ಸೀಸನ್ ಮುಗಿದ ವಾರವೇ ಮೂರನೇ ವರ್ಷದವರಲ್ಲಿ ಯಾರು ಜಾಸ್ತಿ ಆಡಿದರು ಅಂತ ಬರೆದಿಟ್ಟುಕೊಳ್ಳಿ, ಮುಂದಿನ ಆಗಸ್ಟ್‌ನಲ್ಲಿ ರೋಸ್ಟರ್ ಬಂದಾಗ ಆ ಪಟ್ಟಿಯಿಂದಲೇ ಶುರು ಮಾಡಬಹುದು.