ಆ ಪುಟದಲ್ಲಿ ಮಳೆನೇ ಇರ್ಲಿಲ್ಲ

ಕಾದಂಬರಿ ಓದಿ ಆರು ತಿಂಗಳಾದ್ಮೇಲೆ ಯಾರಾದ್ರೂ ಅದ್ರ ಬಗ್ಗೆ ಕೇಳಿದ್ರೆ ನಂಗೆ ಹೇಳೋಕೆ ಏನೂ ಇರ್ತಿರ್ಲಿಲ್ಲ. ಚೆನ್ನಾಗಿತ್ತು ಅಂತಿದ್ದೆ, ಅಷ್ಟೇ. ಓದೋವಾಗ ಅತ್ತಿರ್ತೀನಿ, ನಿದ್ದೆಗೆಟ್ಟು ಕೂತಿರ್ತೀನಿ, ಆದ್ರೆ ಮುಖ್ಯ ಪಾತ್ರದ ಹೆಸ್ರೇ ಮರ್ತುಹೋಗಿರತ್ತೆ. ಇದ್ರಿಂದ ತುಂಬಾನೇ ಬೇಜಾರಾಗ್ತಿತ್ತು.

ಮೊದ್ಲು ಎಲ್ರೂ ಮಾಡೋದನ್ನೇ ಮಾಡ್ದೆ, ಅಂಡರ್‌ಲೈನ್ ಮಾಡೋದು, ಇಷ್ಟವಾದ ಸಾಲನ್ನ ನೋಟ್‌ಬುಕ್ಕಿಗೆ ಇಳಿಸೋದು. ನೋಟ್‌ಬುಕ್ ತುಂಬ್ತು, ತಲೇಲಿ ಏನೂ ಉಳೀಲಿಲ್ಲ. ಆಮೇಲೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದ ಬಗ್ಗೆ ಓದ್ದೆ. ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದೋಕೆ ಹೇಳಿದ್ರು, ಇನ್ನು ಕೆಲವರಿಗೆ ನೋಡ್ದೇನೇ ನೆನಪಿದ್ದಷ್ಟು ಬರೆಯೋಕೆ ಹೇಳಿದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವ್ರೇ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ, ನೆನಪಿಂದ ಬರೆದವ್ರಿಗೇ ಜಾಸ್ತಿ ಉಳಿದಿತ್ತು.

ಅವತ್ತಿಂದ ಒಂದು ಅಧ್ಯಾಯ ಮುಗಿದ ತಕ್ಷಣ ಪುಸ್ತಕ ಮುಚ್ಚಿ, ಖಾಲಿ ಹಾಳೇಲಿ ಹತ್ತು ನಿಮಿಷ ಬರೀತೀನಿ. ಪುಸ್ತಕ ಮಾತ್ರ ತೆಗೆಯೋ ಹಾಗಿಲ್ಲ, ಎಷ್ಟೇ ಕೈ ತುರಿಸಿದ್ರೂ. ಆ ಒದ್ದಾಟ ಇದ್ಯಲ್ಲ, ನಾಲಿಗೆ ತುದೀಲಿದೆ ಆದ್ರೆ ಬರ್ತಿಲ್ಲ ಅನ್ನೋದು, ಅದೇ ನಿಜವಾದ ಕೆಲ್ಸ. ವಾರ ಬಿಟ್ಟು ಅದೇ ಅಧ್ಯಾಯನ ಇನ್ನೊಂದ್ಸಲ ಬರೀತೀನಿ, ಆಮೇಲಷ್ಟೇ ಪುಸ್ತಕ ತೆಗ್ದು ಹೋಲಿಸಿ ನೋಡೋದು. ಮೂರ್ನಾಲ್ಕು ಪುಸ್ತಕ ಆಗೋಷ್ಟ್ರಲ್ಲಿ ವ್ಯತ್ಯಾಸ ಗೊತ್ತಾಯ್ತು.

ಪದ್ಯದ ಕಥೆ ಬೇರೆ. ಷಟ್ಪದಿಯಲ್ಲಿ ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇರತ್ತಲ್ಲ, ಒಂದು ಸಾಲು ಕೈಕೊಟ್ರೂ ಅದನ್ನ ಹಿಡ್ಕೊಂಡು ಮುಂದೆ ಹೋಗ್ಬೋದು, ಮಾತ್ರೆಗೆ ಹೊಂದದ ಪದ ಬಾಯಿಗೆ ಬಂದ್ರೆ ತಪ್ಪು ಅಂತ ಕಿವಿನೇ ಹೇಳತ್ತೆ. ಗದ್ಯಕ್ಕೆ ಆ ಊರುಗೋಲಿಲ್ಲ.

ಆದ್ರೆ ನಾನು ಹೇಳ್ಬೇಕು ಅಂದ್ಕೊಂಡಿದ್ದು ಆ ಹೋಲಿಸಿ ನೋಡೋ ಹೊತ್ತಿನ ಬಗ್ಗೆ. ಒಂದು ಕಾದಂಬರೀಲಿ ಮಗ ಮನೆ ಬಿಟ್ಟು ಹೋಗ್ತಾನೆ. ವಾರದ ನಂತರ ನಾನು ಬರೆದಿದ್ದು ಹೀಗೆ: ಜೋರು ಮಳೆ, ಅಮ್ಮ ಕಿಟಕಿ ಹತ್ರ ನಿಂತಿದಾಳೆ, ಅವನು ತಿರುಗಿ ನೋಡ್ದೇ ಹೋದ, ಕಿಟಕಿ ಸರಳಿನ ಮೇಲೆ ನೀರಿನ ಹನಿ. ಪುಸ್ತಕ ತೆಗ್ದು ನೋಡಿದ್ರೆ ಮಳೆನೂ ಇಲ್ಲ, ಕಿಟಕಿನೂ ಇಲ್ಲ. ಅವನು ಹೊರಟ, ಅವಳು ಬಾಗಿಲು ಹಾಕಿದ್ಲು, ಇಷ್ಟೇ ಇರೋದು. ಎರಡೆರಡ್ಸಲ ಹಿಂದೆ ಮುಂದೆ ತಿರುವಿ ಹಾಕ್ದೆ, ಎಲ್ಲೂ ಒಂದು ಹನಿ ಇಲ್ಲ.

ಮೊದ್ಲು ಗಾಬರಿ ಆಯ್ತು, ಅಭ್ಯಾಸ ಎಲ್ಲಾ ವ್ಯರ್ಥ ಅನ್ನಿಸ್ತು. ಆಮೇಲೆ ಫ್ರೆಡರಿಕ್ ಬಾರ್ಟ್ಲೆಟ್ ಅನ್ನೋ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ನೆನಪಾದ್ರು. 1932ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅವರು ಇಂಗ್ಲೆಂಡಿನ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಕೊಟ್ಟು, ದಿನಗಳು ಬಿಟ್ಟು ಬಿಟ್ಟು ಬರೆಸ್ತಿದ್ರು. ಬರೆಯೋ ಕೈಯಲ್ಲಿ ಕೆನೂ (ಆ ಜನ ಹುಟ್ಟು ಹಾಕೋ ಕಿರಿದಾದ ದೋಣಿ) ಹೋಗಿ ಬರೀ ದೋಣಿ ಆಗ್ತಿತ್ತು, ಅರ್ಥವಾಗದ ಭಾಗ ಜಾರಿಹೋಗ್ತಿತ್ತು, ಓದಿದವ್ರು ಕಥೇನ ತಮ್ಮ ಲೋಕಕ್ಕೆ ಹೊಂದಿಸ್ಕೊಳ್ತಿದ್ರು. ನನ್ನ ಮಳೆನೂ ಹಂಗೇ ಎಲ್ಲಿಂದಲೋ ಬಂದಿರ್ಬೇಕು ಅಂತ ಯೋಚಿಸ್ತಾ ಕೂತಾಗ ಹೊಳೀತು, ಅದು ನಮ್ಮಣ್ಣ ಮನೆ ಬಿಟ್ಟು ಹೋದ ದಿನದ್ದು. ಕಿಟಕಿ ಹತ್ರ ನಿಂತಿದ್ದು ನಾನು.

ಅಲ್ಲಿಂದ ಎರಡು ಪೆನ್ ಇಟ್ಕೊಂಡಿದೀನಿ. ಪುಸ್ತಕದಲ್ಲಿ ಇಲ್ದೇ ನಾನು ಸೇರಿಸಿದ್ದರ ಕೆಳಗೆ ಕೆಂಪು ಗೆರೆ, ಬಿಟ್ಟುಹೋಗಿದ್ದನ್ನ ನೀಲೀಲಿ ಪಕ್ಕದಲ್ಲಿ ಬರೆಯೋದು. ನೀಲಿ ಕಡಿಮೆ ಆಗ್ಲಿ ಅಂತ ಆಸೆ ಇದೆ. ಕೆಂಪು ಕಡಿಮೆ ಆಗೋದು ನಂಗೆ ಬೇಡ, ಆ ಹಾಳೆಗಳನ್ನ ಪುಸ್ತಕದೊಳಗೇ ಇಡ್ತೀನಿ.

ಹೋದ ತಿಂಗ್ಳು ಅಣ್ಣಂಗೆ ಆ ಹಾಳೆ ತೋರಿಸ್ದೆ. ಪೂರ್ತಿ ಓದಿ, "ಅವತ್ತು ಮಳೆ ಎಲ್ಲಿತ್ತೋ, ಸುಡು ಬಿಸಿಲು" ಅಂದ. ಆವಾಗಿಂದ ಕಪಾಟಿನಲ್ಲಿರೋ ಹಳೇ ಕಾದಂಬರಿಗಳನ್ನ ಒಂದೊಂದಾಗಿ ಮತ್ತೆ ಓದ್ತಾ ಇದೀನಿ, ಆ ಮಳೆ ಯಾವುದ್ರಲ್ಲಿ ಬಂದಿತ್ತು ಅಂತ ಹುಡುಕ್ತಾ.